ಲೇಬಲ್ ಹೇಳುವುದು ತಳಿ, ಪರೀಕ್ಷೆ ನೋಡುವುದು ಬಣ್ಣ

ನನ್ನ ಮಾಮುವಿಗೆ ಒಂದು ಮಟನ್ ಅಂಗಡಿ ಇದೆ. ಕಳೆದ ತಿಂಗಳು ಅಂಗಡಿಗೆ ಹೊಸ ಬೋರ್ಡ್ ಬರೆಸುವ ಕೆಲಸವನ್ನು ನನಗೆ ಒಪ್ಪಿಸಿದರು. ನಮ್ಮದು ಉರ್ದು ಮಾತಾಡುವ ಮನೆ. ಕನ್ನಡವನ್ನು ತಪ್ಪಿಲ್ಲದೆ ಬರೆಯುವವನು ನಾನೇ ಎಂದು ಅವರ ನಂಬಿಕೆ. “ಅಸಲಿ ಬನ್ನೂರು ಕುರಿ ಮಾಂಸ ಅಂತ ದೊಡ್ಡದಾಗಿ ಬರೆಸು ಬೇಟಾ” ಎಂದರು. “ಮಾಮು, ನಮಗೆ ಬರುವ ಕುರಿ ಎಲ್ಲವೂ ಬನ್ನೂರು ತಳಿಯೇನಾ?” ಎಂದು ಕೇಳಿದೆ. ಅವರು ನಕ್ಕರು. “ಕೆಲವು ಹೌದು, ಕೆಲವು ನೋಡೋಕೆ ಹಾಗೇ ಇರ್ತವೆ. ಎಲ್ಲರೂ ಹೀಗೇ ಬರೆಸ್ತಾರೆ.”

ಅದೇ ವಾರ ನಮಗೆ ವ್ಯವಹಾರ ಅಧ್ಯಯನದಲ್ಲಿ ಲೇಬಲಿಂಗ್ ಪಾಠ ನಡೆಯುತ್ತಿತ್ತು. ಐಎಸ್‌ಐ, ಆಗ್‌ಮಾರ್ಕ್, ಹಾಲ್‌ಮಾರ್ಕ್ ಎಲ್ಲ ಬಂದವು. ಚಿನ್ನದ ಶುದ್ಧತೆ ಚಿನ್ನದಲ್ಲೇ ಇರುತ್ತದೆ, ಯಾವಾಗ ಬೇಕಾದರೂ ಪರೀಕ್ಷಿಸಬಹುದು. ಆದರೆ ಪ್ರಾಣಿಯನ್ನು ಕೊಯ್ದು ತುಂಡು ಮಾಡಿದ ಮೇಲೆ ಅದು ಯಾವ ತಳಿ ಎಂದು ಗಿರಾಕಿ ಹೇಗೆ ತಿಳಿಯಬೇಕು? ತರಗತಿ ಮುಗಿದ ಮೇಲೆ ಉಪನ್ಯಾಸಕರನ್ನು ಕೇಳಿದೆ. ಅಮೆರಿಕದ ಆಂಗಸ್ ದನದ ಮಾಂಸದ ಉದಾಹರಣೆ ಓದು ಎಂದರು. ದನದ ಮಾಂಸ ಎಂದ ಕೂಡಲೇ ನಮ್ಮಲ್ಲಿ ಮಾತು ಬೇರೆ ಕಡೆಗೆ ಹೋಗುತ್ತದೆ. ನಾನು ಬರೆಯುತ್ತಿರುವುದು ಲೇಬಲ್ ಬಗ್ಗೆ ಮಾತ್ರ.

ಆಂಗಸ್ ಎಂಬುದು ಸ್ಕಾಟ್ಲೆಂಡ್ ಮೂಲದ, ಕೊಂಬಿಲ್ಲದ ದನದ ತಳಿ. ಅಮೆರಿಕದಲ್ಲಿ ಈ ತಳಿ ಸಾಕುವವರ ಸಂಘದ ಹೆಸರು ಅಮೆರಿಕನ್ ಆಂಗಸ್ ಅಸೋಸಿಯೇಷನ್. ಈ ಸಂಘವು 1978ರಲ್ಲಿ ‘ಸರ್ಟಿಫೈಡ್ ಆಂಗಸ್ ಬೀಫ್’ ಎಂಬ ಬ್ರ್ಯಾಂಡ್ ಆರಂಭಿಸಿತು. ಅದರ ಮುದ್ರೆ ಬೇಕಾದರೆ ಮಾಂಸವು 10 ಮಾನದಂಡಗಳಲ್ಲಿ ಪಾಸಾಗಬೇಕು. ಮಾಂಸದೊಳಗೆ ಕೊಬ್ಬಿನ ಎಳೆಗಳು ಎಷ್ಟು ಹರಡಿವೆ, ಪ್ರಾಣಿಯ ವಯಸ್ಸೆಷ್ಟು, ತೂಕವೆಷ್ಟು, ಮೇಲಿನ ಕೊಬ್ಬು ಎಷ್ಟು ದಪ್ಪ ಎಂದೆಲ್ಲ ನೋಡುತ್ತಾರೆ. ಹಿಣಿಲು 2 ಇಂಚಿಗಿಂತ ಎತ್ತರ ಇರಬಾರದು ಎಂಬುದೂ ಒಂದು ನಿಯಮ. ಇದು ಬ್ರಾಹ್ಮನ್ ಎಂಬ ತಳಿಯ ರಕ್ತ ಹೆಚ್ಚಿರುವ ದನಗಳನ್ನು ಹೊರಗಿಡಲು. ಆ ತಳಿಯನ್ನು ಅಮೆರಿಕದವರು ಬೆಳೆಸಿದ್ದು ನಮ್ಮ ಭಾರತದ ಗಿರ್, ಒಂಗೋಲ್ ಮುಂತಾದ ದನಗಳಿಂದ. ಈ ಪರೀಕ್ಷೆ ಮಾಡುವವರು ಅಲ್ಲಿನ ಸರ್ಕಾರದ ಕೃಷಿ ಇಲಾಖೆಯವರು, ಕಂಪನಿಯವರಲ್ಲ.

ಇಷ್ಟೂ ಗುಣಮಟ್ಟದ ಪರೀಕ್ಷೆ ಆಯಿತು. ತಳಿಯ ಪರೀಕ್ಷೆ ಎಲ್ಲಿ? ಅದು ಚರ್ಮ ಸುಲಿಯುವ ಮೊದಲೇ ನಡೆಯುತ್ತದೆ. ಮುಖ್ಯವಾಗಿ ನೋಡುವುದು ಮೈಬಣ್ಣ. ಚರ್ಮದ ಕನಿಷ್ಠ 51 ಶೇಕಡಾ ಭಾಗ ಕಪ್ಪಾಗಿರಬೇಕು ಎಂಬ ನಿಯಮ ಬಹಳ ವರ್ಷ ಇತ್ತು. ಆಮೇಲೆ ಅದನ್ನು ಬಿಗಿ ಮಾಡಿದರು, ಆದರೂ ನೋಡುವುದು ಬಣ್ಣವನ್ನೇ. ತಂದೆ ತಾಯಿಯ ದಾಖಲೆ ತೋರಿಸುವ ದಾರಿಯೂ ಇದೆ, ಆದರೆ ಸಾಮಾನ್ಯವಾಗಿ ನಡೆಯುವುದು ಬಣ್ಣದ ದಾರಿ.

ಸಮಸ್ಯೆ ಇರುವುದು ಇಲ್ಲೇ. ದನಗಳಲ್ಲಿ ಕಪ್ಪು ಬಣ್ಣದ ಜೀನ್ ಕೆಂಪಿನ ಮೇಲೆ ಪ್ರಬಲ. ವಿಜ್ಞಾನ ವಿಭಾಗದ ಗೆಳೆಯರಿಗೆ ಮೆಂಡೆಲನ ಬಟಾಣಿ ನೆನಪಿರಬಹುದು, ಇದೂ ಹಾಗೆಯೇ. ಒಂದು ಕಡೆಯಿಂದ ಕಪ್ಪು ಜೀನ್ ಬಂದರೆ ಸಾಕು, ಕರು ಕಪ್ಪಾಗುತ್ತದೆ. ಹಾಗಾಗಿ ಕಪ್ಪು ದನ ಎಂದರೆ ಪೂರ್ತಿ ಆಂಗಸ್ ಎಂದು ಅರ್ಥವಲ್ಲ. ಕಪ್ಪು ದನಕ್ಕೆ ಹೆಚ್ಚು ಹಣ ಸಿಗುತ್ತದೆ ಎಂದು ಗೊತ್ತಾದ ಮೇಲೆ, ಮೂಲದಲ್ಲಿ ಕಪ್ಪಲ್ಲದ ಸಿಮೆಂಟಲ್, ಲಿಮೋಸಿನ್ ತಳಿಗಳನ್ನೂ ಅಮೆರಿಕದ ಸಾಕಣೆದಾರರು ಕಪ್ಪು ಮಾಡಿಕೊಂಡರು. ಇನ್ನೊಂದು ಕಡೆ, ರೆಡ್ ಆಂಗಸ್ ಎಂಬ ಕೆಂಪು ದನ ಅದೇ ಮೂಲದ್ದು. ಅದು ಬಣ್ಣದ ಪರೀಕ್ಷೆಯಲ್ಲಿ ಫೇಲ್. ಮಿಶ್ರ ತಳಿಯದು ಒಳಗೆ, ಅಸಲಿಯದು ಹೊರಗೆ!

ಹಾಗಾದರೆ ಆ ಲೇಬಲ್ ಸುಳ್ಳೇ? ಅಲ್ಲ. ನಿಯಮಗಳನ್ನು ಅವರು ಬಹಿರಂಗವಾಗಿ ಪ್ರಕಟಿಸಿದ್ದಾರೆ. 10 ಮಾನದಂಡಗಳ ಪರೀಕ್ಷೆ ನಿಜವಾಗಿ ನಡೆಯುತ್ತದೆ, ಗಿರಾಕಿಗೆ ಸಿಗುವ ಮಾಂಸವೂ ಒಳ್ಳೆಯದೇ. ಆದರೆ ‘ಆಂಗಸ್’ ಎಂದು ಓದಿದವನು ತಳಿಯನ್ನು ಕೊಂಡೆ ಎಂದುಕೊಳ್ಳುತ್ತಾನೆ. ಅವನಿಗೆ ಖಾತ್ರಿಯಾಗಿ ಸಿಕ್ಕಿದ್ದು ಗುಣಮಟ್ಟ ಮತ್ತು ಕಪ್ಪು ಬಣ್ಣ.

ಜಪಾನಿನಲ್ಲಿ ದಾರಿ ಬೇರೆ. ಅಲ್ಲಿ 2003ರ ಕಾನೂನಿನಂತೆ ಪ್ರತಿ ದನಕ್ಕೂ 10 ಅಂಕಿಯ ಗುರುತಿನ ಸಂಖ್ಯೆ ಇದೆ. ಅಂಗಡಿಯಲ್ಲಿ ಮಾಂಸ ಕೊಂಡವರು ಆ ಸಂಖ್ಯೆ ಹಾಕಿ ದನ ಎಲ್ಲಿ ಹುಟ್ಟಿತು, ಎಲ್ಲಿ ಬೆಳೆಯಿತು ಎಂದು ನೋಡಬಹುದು. ಹೆಸರುವಾಸಿ ಕೋಬೆ ಮಾಂಸ ಎನ್ನಬೇಕಾದರೆ ಅದು ಹ್ಯೋಗೊ ಪ್ರಾಂತ್ಯದಲ್ಲಿ ಹುಟ್ಟಿದ ತಾಜಿಮಾ ದನದ್ದೇ ಆಗಿರಬೇಕು. ನಮ್ಮ ಆಧಾರ್‌ಗೆ ಬೆರಳಚ್ಚು ಇದ್ದಂತೆ, ಅಲ್ಲಿ ಕರುವಿನ ಮೂಗಿನ ಅಚ್ಚು ತೆಗೆದಿಡುತ್ತಾರೆ. ಇದಕ್ಕೆಲ್ಲ ಖರ್ಚಾಗುತ್ತದೆ, ಮಾಂಸ ದುಬಾರಿಯಾಗುತ್ತದೆ. ಇಷ್ಟೆಲ್ಲ ಇದ್ದರೂ ಹೆಸರಿನ ದುರುಪಯೋಗ ತಪ್ಪಲಿಲ್ಲ. ಕೋಬೆ ಮಾಂಸದ ರಫ್ತು ಆರಂಭವಾಗಿದ್ದೇ 2012ರಲ್ಲಿ. ಆದರೆ ಅದಕ್ಕೂ ಮೊದಲೇ ಅಮೆರಿಕದ ಹೋಟೆಲುಗಳ ಮೆನುವಿನಲ್ಲಿ ‘ಕೋಬೆ’ ಇತ್ತು!

ಇದನ್ನೆಲ್ಲ ಓದಿದ ಮೇಲೆ ಯಾವ ಲೇಬಲ್ ನೋಡಿದರೂ ಮೂರು ಪ್ರಶ್ನೆ ಕೇಳಬೇಕು ಎನಿಸಿತು. ಈ ಪದ ನಿಖರವಾಗಿ ಏನನ್ನು ಹೇಳುತ್ತಿದೆ? ಅದನ್ನು ಯಾರು, ಯಾವ ಹಂತದಲ್ಲಿ ಪರೀಕ್ಷಿಸಿದರು? ಅನುಮಾನ ಬಂದರೆ ಹಿಂದಕ್ಕೆ ಹೋಗಿ ನೋಡುವ ದಾಖಲೆ ಇದೆಯೇ?

ಈ ಪ್ರಶ್ನೆಗಳನ್ನು ಮಾಮುವಿನ ಬೋರ್ಡಿಗೂ ಹಾಕಿದೆ. ಬನ್ನೂರು ಕುರಿ ಮಂಡ್ಯ, ಮಳವಳ್ಳಿ, ಬನ್ನೂರು ಸುತ್ತಮುತ್ತಲಿನ ತಳಿ. ಗಿಡ್ಡ ಕಾಲು, ದಪ್ಪ ಮೈ, ಹಿಂದಿನಿಂದ ನೋಡಿದರೆ ತಲೆಕೆಳಗಾದ ‘ಯು’ ಆಕಾರ. ಮಾಮು ಅದನ್ನು ನೋಡಿಯೇ ಹೇಳುತ್ತಾರೆ. ಅಂದರೆ ಅವರದೂ ಆಕಾರದ ಪರೀಕ್ಷೆ, ಅಮೆರಿಕದ ಕಪ್ಪು ಚರ್ಮದಂತೆಯೇ. ಅಲ್ಲಿ ಬರೆದಿಟ್ಟ ನಿಯಮವಾದರೂ ಇದೆ, ನಮ್ಮಲ್ಲಿ ಅದೂ ಇಲ್ಲ. ಬನ್ನೂರು ಕುರಿಯನ್ನೇ ಉಳಿಸಿಕೊಂಡು ಸಾಕುವ ರೈತನಿಗೂ ಇದರಿಂದ ನಷ್ಟ. ಅವನ ಕುರಿಯ ಹೆಸರಿಗೆ ಸಿಗಬೇಕಾದ ಬೆಲೆ ಬೇರೆ ಕುರಿಗೆ ಹಂಚಿ ಹೋಗುತ್ತದೆ.

ಮಾಮುವಿಗೆ ಆಂಗಸ್ ಕತೆ ಹೇಳಿದೆ. ಜೊತೆಗೆ ಅವರೇ ಚಿಕ್ಕಂದಿನಲ್ಲಿ ನನಗೆ ಹೇಳಿದ್ದ ಒಂದು ಘಟನೆಯನ್ನೂ ನೆನಪಿಸಿದೆ. ಪ್ರವಾದಿ(ಸ) ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿದಾಗ ಒಳಗೆ ಒದ್ದೆಯಾಗಿತ್ತು. ಮಳೆಗೆ ನೆನೆಯಿತು ಎಂದ ವ್ಯಾಪಾರಿಗೆ, ಜನರಿಗೆ ಕಾಣುವಂತೆ ಅದನ್ನು ಮೇಲೇಕೆ ಇಡಲಿಲ್ಲ ಎಂದು ಕೇಳಿದರು. ಮಾಮು ಸ್ವಲ್ಪ ಹೊತ್ತು ಸುಮ್ಮನಿದ್ದರು. “ಪಕ್ಕದ ಅಂಗಡಿಯವನು ಬರೆಸಿಕೊಂಡಿದ್ದಾನಲ್ಲ, ಗಿರಾಕಿ ಅಲ್ಲಿಗೆ ಹೋದರೆ?” ಎಂದರು. ನನ್ನಲ್ಲಿ ಉತ್ತರ ಇರಲಿಲ್ಲ.

ಎರಡು ದಿನ ಬಿಟ್ಟು ಅವರೇ ಫೋನ್ ಮಾಡಿದರು. ಈಗ ಬೋರ್ಡಿನ ಮೇಲೆ ‘ಕುರಿ ಮಾಂಸ’ ಎಂದಷ್ಟೇ ಇದೆ. ಅದರ ಕೆಳಗೆ ಒಂದು ಸ್ಲೇಟು ತೂಗುಹಾಕಿದ್ದಾರೆ. ಗುರುತಿರುವ ರೈತರಿಂದ ಬನ್ನೂರು ಕುರಿ ಬಂದ ದಿನ ಮಾತ್ರ ಅದರಲ್ಲಿ ಹಾಗೆಂದು ಬರೆಯುತ್ತಾರೆ, ಊರಿನ ಹೆಸರೂ ಸೇರಿಸಿ. ಕೆಲವು ಗಿರಾಕಿಗಳು ಪಕ್ಕದ ಅಂಗಡಿಗೆ ಹೋಗಿದ್ದು ನಿಜ. ಕೆಲವರು ಮಾತ್ರ ಬೆಳಿಗ್ಗೆಯೇ ಫೋನ್ ಮಾಡಿ, “ಇವತ್ತು ಸ್ಲೇಟಲ್ಲಿ ಏನಿದೆ?” ಎಂದು ಕೇಳುತ್ತಾರಂತೆ.