ಕಾಲೇಜಿನ ಟ್ಯಾಬ್, ಕಾರ್ಡಿನಲ್ಲಿ ಲಿನಕ್ಸ್

2021ರಲ್ಲಿ ರಾಜ್ಯ ಸರ್ಕಾರ ಸರ್ಕಾರಿ ಪದವಿ ಕಾಲೇಜು, ಪಾಲಿಟೆಕ್ನಿಕ್, ಎಂಜಿನಿಯರಿಂಗ್ ಕಾಲೇಜುಗಳ ಒಂದೂವರೆ ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳಿಗೆ ಟ್ಯಾಬ್ಲೆಟ್ ಹಂಚಿತು. ಆಗ ತೆಗೆದುಕೊಂಡವರು ಈಗ ಓದು ಮುಗಿಸಿ ಕೆಲಸಕ್ಕೆ ಹೋಗುತ್ತಿದ್ದಾರೆ. ಬಾಶೆಟ್ಟಿಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಶಿಫ್ಟ್ ಮುಗಿಸಿ ರೂಮಿಗೆ ಬರುವ ಹುಡುಗ ಹುಡುಗಿಯರ ಬಳಿ ಅಂಥದ್ದೊಂದು ಟ್ಯಾಬ್ ಸುಮ್ಮನೆ ಬಿದ್ದಿದ್ದರೆ, ಪೈಥಾನ್ ಕಲಿಯಲು, ಲಿಬ್ರೆಆಫೀಸ್‌ನಲ್ಲಿ ರೆಸ್ಯೂಮೆ ಬರೆಯಲು ಅದು ಸಾಕು. ಲ್ಯಾಪ್‌ಟಾಪ್ ಬೇಕೇ ಬೇಕೆಂದಿಲ್ಲ. ಬೇಕಿರುವುದು ಡೆಸ್ಕ್‌ಟಾಪ್ ಲಿನಕ್ಸ್, ಅದನ್ನು ಇಡಲು ಒಂದು ಮೆಮೊರಿ ಕಾರ್ಡ್.

ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಬಳಸಿದವರು ಇಲ್ಲೇ ಎಡವುತ್ತಾರೆ. ಅದರಲ್ಲಿ ಲಿನಕ್ಸ್ ಬರೆದ ಕಾರ್ಡ್ ಸಿಕ್ಕಿಸಿ ಕರೆಂಟ್ ಕೊಟ್ಟರೆ ಮುಗಿಯಿತು. ಟ್ಯಾಬ್‌ನಲ್ಲಿ ಹಾಗಾಗುವುದಿಲ್ಲ. ಆನ್ ಮಾಡಿದ ಕ್ಷಣ ಮೊದಲು ಎಲ್ಲಿ ನೋಡಬೇಕು ಎನ್ನುವುದು ಪ್ರೊಸೆಸರ್ ಚಿಪ್‌ನೊಳಗೇ ಬರೆದಿರುತ್ತದೆ. ಹಳೆಯ ಅಗ್ಗದ ಟ್ಯಾಬ್‌ಗಳಲ್ಲಿ ಬರುತ್ತಿದ್ದ ಆಲ್‌ವಿನ್ನರ್ ಚಿಪ್‌ಗಳು ಮೊದಲು ಕಾರ್ಡನ್ನೇ ನೋಡುತ್ತವೆ, ಅಂಥವು ಸಿಕ್ಕರೆ ಅದೃಷ್ಟ. ಈಗಿನ ಹೆಚ್ಚಿನ ಟ್ಯಾಬ್‌ಗಳು ಒಳಗಿನ ಮೆಮೊರಿಯಿಂದಲೇ ಏಳುತ್ತವೆ, ಕಂಪನಿಯ ಸಹಿ ಇಲ್ಲದ್ದನ್ನು ಟ್ಯಾಬ್ ಏಳಿಸುವ ಬೂಟ್‌ಲೋಡರ್ ಹತ್ತಿರ ಸೇರಿಸುವುದಿಲ್ಲ.

ಇದರಿಂದ ಕೆಲಸ ನಿಲ್ಲುವುದಿಲ್ಲ, ಏಕೆಂದರೆ ಆಂಡ್ರಾಯ್ಡ್‌ನ ತಳದಲ್ಲಿರುವುದೂ ಲಿನಕ್ಸ್ ಕರ್ನೆಲ್ಲೇ. ಅದನ್ನು ಹಾಗೇ ಬಿಟ್ಟು, ಡೆಬಿಯನ್ ಎಂಬ ಲಿನಕ್ಸ್‌ನ ಉಳಿದ ಫೈಲುಗಳನ್ನಷ್ಟೇ ಒಂದು ಫೋಲ್ಡರಿನಲ್ಲಿ ತಂದಿಟ್ಟು, ಅದರೊಳಗಿನ ಪ್ರೋಗ್ರಾಮುಗಳಿಗೆ ‘ನಿಮ್ಮ ಪ್ರಪಂಚ ಇಷ್ಟೇ’ ಎಂದು ನಂಬಿಸಿದರೆ ಸಾಕು. 1979ರಲ್ಲಿ ಯುನಿಕ್ಸ್‌ನ ಏಳನೇ ಆವೃತ್ತಿಯ ಹೊತ್ತಿಗೆ ಬಂದ ‘ಸಿಎಚ್‌ರೂಟ್’ ಮಾಡುವುದು ಇದನ್ನೇ. ಆಂಡ್ರಾಯ್ಡ್ ಮನೆ ಮಾಲೀಕ, ಡೆಬಿಯನ್ ಬಾಡಿಗೆದಾರ. ನೀರಿನ ಮೋಟರಿನ ಸ್ವಿಚ್ ಮಾಲೀಕರ ಕೈಯಲ್ಲೇ ಇರುತ್ತದೆ. ಹಾಗಾಗಿ ಒಳಗಿನ ಲಿನಕ್ಸ್‌ಗೆ ಸಿಸ್ಟಮ್‌ಡಿ ಇಲ್ಲ, ಸೇವೆಗಳು ತಾವಾಗಿ ಶುರುವಾಗುವುದಿಲ್ಲ, ಡಾಕರ್‌ನ ಆಸೆಯನ್ನೂ ಬಿಡಬೇಕು.

ಸಿಎಚ್‌ರೂಟ್‌ಗೆ ರೂಟ್ ಅನುಮತಿ, ಅಂದರೆ ಇಡೀ ಟ್ಯಾಬ್ ಮೇಲಿನ ಪೂರ್ತಿ ಅಧಿಕಾರ ಬೇಕು. ಅದಕ್ಕೆ ಬೂಟ್‌ಲೋಡರ್ ಬಿಚ್ಚಬೇಕು, ಬಿಚ್ಚಿದರೆ ಟ್ಯಾಬ್‌ನಲ್ಲಿದ್ದದ್ದೆಲ್ಲ ಅಳಿಸಿಹೋಗುತ್ತದೆ. ಬೇಡವೆಂದರೆ ‘ಪ್ರೂಟ್’ ಇದೆ. ಅದು ಪ್ರತಿ ಪ್ರೋಗ್ರಾಮಿನ ಬೆನ್ನಿಗೆ ನಿಂತು, ಅದು ಫೈಲ್ ಕೇಳಿದಾಗಲೆಲ್ಲ ವಿಳಾಸ ತಿದ್ದಿ ಮುಂದಕ್ಕೆ ಕಳಿಸುತ್ತದೆ. ಈ ನಡುವಿನ ತಿದ್ದುಪಡಿಗೆ ಸಮಯ ಹಿಡಿಯುವುದರಿಂದ ಸಣ್ಣ ಸಣ್ಣ ಫೈಲುಗಳು ತುಂಬಾ ಇರುವ ಕೆಲಸ ಎಳೆಯುತ್ತದೆ.

ಇನ್ನು ಕಾರ್ಡ್. ಅಂಗಡಿಯಿಂದ ತಂದ ಕಾರ್ಡಿನಲ್ಲಿ ಇರುವುದು ಫ್ಯಾಟ್32 ಅಥವಾ ಎಕ್ಸ್‌ಫ್ಯಾಟ್. ಫೋಟೊ, ಹಾಡು ಇಡಲು ಅದು ಸರಿ. ಲಿನಕ್ಸ್‌ಗೆ ಪ್ರತಿ ಫೈಲಿನ ಒಡೆಯ ಯಾರು, ಅದನ್ನು ಓಡಿಸಬಹುದೇ ಎಂಬ ಗುರುತು ಬೇಕು. ಈ ಎರಡು ಪದ್ಧತಿಗಳಲ್ಲಿ ಅದನ್ನು ಬರೆದಿಡಲು ಜಾಗವೇ ಇಲ್ಲ. ಈಗಿನ ಡೆಬಿಯನ್‌ನಲ್ಲಿ ‘ಬಿನ್’ ಎಂಬ ಫೋಲ್ಡರ್ ನಿಜವಾದ ಫೋಲ್ಡರ್ ಅಲ್ಲ, ‘ಯುಎಸ್‌ಆರ್’ ಒಳಗಿನ ಬಿನ್ ಕಡೆಗೆ ಬೆರಳು ತೋರಿಸುವ ಕೊಂಡಿ. ಎಕ್ಸ್‌ಫ್ಯಾಟ್‌ಗೆ ಅಂಥ ಕೊಂಡಿ ಗೊತ್ತಿಲ್ಲ, ನಕಲು ಮಾಡುವಾಗ ಅಲ್ಲೇ ಎರರ್ ಬರುತ್ತದೆ. ಸಾಲದ್ದಕ್ಕೆ, ಕಾರ್ಡಿನಲ್ಲಿರುವ ಪ್ರೋಗ್ರಾಮನ್ನು ನೇರ ಓಡಿಸಲು ಆಂಡ್ರಾಯ್ಡ್ ಬಿಡುವುದಿಲ್ಲ.

ರೂಟ್ ಇದ್ದರೆ ದಾರಿ ಸಲೀಸು. ಕಾರ್ಡನ್ನು ಎರಡು ಭಾಗ ಮಾಡಿ, ಒಂದನ್ನು ಲಿನಕ್ಸ್‌ನದೇ ಪದ್ಧತಿಯಾದ ಎಕ್ಸ್‌ಟಿ4 ಆಗಿ ಫಾರ್ಮ್ಯಾಟ್ ಮಾಡಿ, ‘ಲಿನಕ್ಸ್ ಡಿಪ್ಲಾಯ್’ ಆ್ಯಪ್‌ಗೆ ಅದನ್ನು ತೋರಿಸಿದರೆ ಇಡೀ ಡೆಬಿಯನ್ ಅಲ್ಲಿ ಕೂರುತ್ತದೆ. ಭಾಗ ಮಾಡುವುದು ಬೇಡವೆಂದರೆ ಒಂದೇ ದೊಡ್ಡ ಇಮೇಜ್ ಫೈಲ್ ಒಳಗೂ ಹಾಕಬಹುದು. ಫ್ಯಾಟ್32 ಒಂದು ಫೈಲನ್ನು 4 ಜಿಬಿ ಮೀರಲು ಬಿಡದ ಕಾರಣ ಡೆಸ್ಕ್‌ಟಾಪ್‌ಗೆ ಆ ಜಾಗ ಬೇಗ ಮುಗಿಯುತ್ತದೆ. ರೂಟ್ ಇಲ್ಲದವರು ಎಫ್-ಡ್ರಾಯ್ಡ್ ಆ್ಯಪ್ ಅಂಗಡಿಯಿಂದ ‘ಟರ್ಮಕ್ಸ್’ ಹಾಕಿಕೊಂಡು, ಅದರೊಳಗೆ ‘ಪ್ರೂಟ್-ಡಿಸ್ಟ್ರೊ’ ಎಂಬ ಪ್ಯಾಕೇಜ್ ಮೂಲಕ ಡೆಬಿಯನ್ ಇಳಿಸಬೇಕು. ಆಗ ಸಿಸ್ಟಮ್ ಒಳಮೆಮೊರಿಯಲ್ಲಿ, ನಿಮ್ಮ ಕಡತಗಳು ಕಾರ್ಡಿನಲ್ಲಿ. ಮೊದಲ ಬಾರಿಗೆ ಮಾಡುವವರಿಗೆ ನಾನು ಹೇಳುವುದು ಇದನ್ನೇ. ಕೆಟ್ಟರೆ ಆ್ಯಪ್ ಅಳಿಸಿ ಮತ್ತೆ ಹಾಕಿದರಾಯಿತು, ಟ್ಯಾಬ್‌ಗೆ ಏನೂ ಆಗುವುದಿಲ್ಲ.

ಕಾರ್ಡನ್ನೂ ಯಂತ್ರವನ್ನೂ ಬೇರೆ ಮಾಡುವ ಯೋಚನೆ ನಮ್ಮ ಕಡೆಗೆ ಹೊಸದಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮತ್ತು ಎನ್‌ಕೋರ್ ಸಾಫ್ಟ್‌ವೇರ್ ಕಂಪನಿಯವರು ಸೇರಿ ಬೆಂಗಳೂರಿನಲ್ಲಿ ರೂಪಿಸಿದ ಸಿಂಪ್ಯೂಟರ್ ಅಂಗೈಯಗಲದ ಲಿನಕ್ಸ್ ಯಂತ್ರ. ಊರಿಗೊಂದು ಯಂತ್ರ, ಪ್ರತಿಯೊಬ್ಬರಿಗೂ ಅವರವರ ಮಾಹಿತಿಯ ಸ್ಮಾರ್ಟ್ ಕಾರ್ಡ್ ಎನ್ನುವುದು ಅವರ ಲೆಕ್ಕಾಚಾರವಾಗಿತ್ತು. 2004ರಲ್ಲಿ ಬಿಇಎಲ್ ಜೊತೆಗೂಡಿ ಅದು ‘ಅಮಿಡಾ’ ಹೆಸರಿನಲ್ಲಿ ಸುಮಾರು 10,000 ರೂಪಾಯಿಗೆ ಮಾರುಕಟ್ಟೆಗೂ ಬಂತು. ಅದರ ಪ್ರೊಸೆಸರ್ ವೇಗ 206 ಮೆಗಾಹರ್ಟ್ಸ್. ಇವತ್ತಿನ ಅತಿ ಅಗ್ಗದ ಟ್ಯಾಬ್ ಕೂಡ ಅದಕ್ಕಿಂತ ಎಷ್ಟೋ ಪಟ್ಟು ವೇಗದ್ದು.

ಪರದೆಗೆ ಎಕ್ಸ್‌ಎಫ್‌ಸಿಇ ಎಂಬ ಹಗುರ ಡೆಸ್ಕ್‌ಟಾಪ್ ಸಾಕು. ಗ್ನೋಮ್, ಕೆಡಿಇ ಕಡೆ ತಲೆ ಹಾಕಬೇಡಿ. ಡೆಬಿಯನ್ ಒಳಗೆ ವಿಎನ್‌ಸಿ ಸರ್ವರ್ ಓಡಿಸಿ, ಆಂಡ್ರಾಯ್ಡ್‌ನ ವಿಎನ್‌ಸಿ ಆ್ಯಪ್‌ನಿಂದ ಅದೇ ಟ್ಯಾಬ್‌ನ 5901ನೇ ಪೋರ್ಟ್‌ಗೆ ಸೇರಿದರೆ ಡೆಸ್ಕ್‌ಟಾಪ್ ಕಾಣುತ್ತದೆ. ವಿಎನ್‌ಸಿಗಿಂತ ‘ಟರ್ಮಕ್ಸ್ ಎಕ್ಸ್11’ ಇನ್ನೂ ಚುರುಕು. 2 ಜಿಬಿ ರ್‍ಯಾಮ್ ಅಷ್ಟೇ ಇದ್ದರೆ ಫೈರ್‌ಫಾಕ್ಸ್ ಮತ್ತು ಲಿಬ್ರೆಆಫೀಸ್ ಎರಡನ್ನೂ ಒಟ್ಟಿಗೆ ತೆರೆಯಬೇಡಿ. ಆಂಡ್ರಾಯ್ಡ್ 12ರಿಂದ ಈಚೆಗೆ ಇನ್ನೊಂದು ಕಾಟ ಇದೆ: ಆ್ಯಪ್‌ಗಳು ಹುಟ್ಟಿಸಿದ ಮರಿ ಪ್ರೋಗ್ರಾಮುಗಳು 32 ದಾಟಿದರೆ ವ್ಯವಸ್ಥೆಯೇ ಅವನ್ನು ಕೊಲ್ಲುತ್ತದೆ, ನಡುವೆ ಡೆಸ್ಕ್‌ಟಾಪ್ ಮಾಯ. ಆಂಡ್ರಾಯ್ಡ್ 14ರ ಡೆವಲಪರ್ ಆಯ್ಕೆಗಳಲ್ಲಿ ಈ ಮಿತಿ ತೆಗೆಯುವ ಗುಂಡಿ ಇದೆ.

ಕನ್ನಡಕ್ಕೆ ಡೆಬಿಯನ್‌ನಲ್ಲೇ ‘ಗುಬ್ಬಿ’, ‘ನವಿಲು’ ಫಾಂಟ್‌ಗಳು ಸಿಗುತ್ತವೆ. ಐಬಸ್ ಜೊತೆ ಎಂ17ಎನ್ ಹಾಕಿದರೆ ಕಗಪ ಕೀಲಿಮಣೆ ಸಿದ್ಧ. ಒಟಿಜಿ ಕೇಬಲ್ಲಿನಲ್ಲಿ ಕೀಬೋರ್ಡ್ ಜೋಡಿಸಿಕೊಂಡರೆ ‘ನುಡಿ’ ತಂತ್ರಾಂಶದಲ್ಲಿ ಟೈಪಿಂಗ್ ಕಲಿತವರ ಬೆರಳಿಗೆ ಏನೂ ವ್ಯತ್ಯಾಸ ತಿಳಿಯುವುದಿಲ್ಲ.

ಕಾರ್ಡ್ ಕೊಳ್ಳುವಾಗ ‘ಕ್ಲಾಸ್ 10’ ನೋಡಿ ಮೋಸ ಹೋಗಬೇಡಿ. ಅದು ಸೆಕೆಂಡಿಗೆ 10 ಎಂಬಿ ಒಂದೇ ಸಮನೆ ಬರೆಯಬಲ್ಲದು ಎಂಬ ಭರವಸೆ, ವಿಡಿಯೊಗೆ ಬೇಕಾದದ್ದು. ಲಿನಕ್ಸ್ ಬರೆಯುವುದು ಚೂರು ಚೂರಾಗಿ, ಅಲ್ಲಲ್ಲಿ. ಅದಕ್ಕೆ ಕಾರ್ಡಿನ ಮೇಲೆ ‘ಎ1’ ಗುರುತು ಹುಡುಕಬೇಕು: ಸೆಕೆಂಡಿಗೆ ಕನಿಷ್ಠ 1,500 ಚದುರಿದ ಓದು, 500 ಚದುರಿದ ಬರಹ. ತಂದ ದಿನವೇ ‘ಎಫ್3’ ಎಂಬ ಉಚಿತ ಸಾಧನದಿಂದ ಪೂರ್ತಿ ತುಂಬಿಸಿ ಮತ್ತೆ ಓದಿಸಿ ನೋಡಿ. 64 ಜಿಬಿ ಎಂದು ಬರೆದಿರುವ ನಕಲಿ ಕಾರ್ಡಿನೊಳಗೆ 8 ಜಿಬಿಯೇ ಇದ್ದರೆ ಆಗಲೇ ಗೊತ್ತಾಗುತ್ತದೆ, ಬಿಲ್ ಕೈಯಲ್ಲಿರುವಾಗಲೇ ವಾಪಸ್ ಕೊಡಬಹುದು.

ಡೆಬಿಯನ್ ಓಡುತ್ತಿರುವಾಗ ಕಾರ್ಡ್ ಎಳೆಯಬಾರದು. ಎಕ್ಸ್‌ಟಿ4 ಭಾಗವನ್ನು ‘ನೋಎಟೈಮ್’ ಆಯ್ಕೆಯೊಂದಿಗೆ ಜೋಡಿಸಿದರೆ ಫೈಲ್ ಓದಿದಾಗಲೆಲ್ಲ ಸಮಯ ಬರೆದಿಡುವ ಕೆಲಸ ತಪ್ಪಿ ಕಾರ್ಡ್ ಸವೆಯುವುದು ಕಡಿಮೆಯಾಗುತ್ತದೆ. ಆದರೂ ಕಾರ್ಡ್ ಸಾಯುವಾಗ ಹೇಳಿಕೇಳಿ ಸಾಯುವುದಿಲ್ಲ. ಪ್ರೂಟ್-ಡಿಸ್ಟ್ರೊದಲ್ಲಿ ‘ಬ್ಯಾಕಪ್’ ಎಂಬ ಆದೇಶವಿದೆ, ಇಡೀ ಡೆಬಿಯನ್ನನ್ನು ಒಂದೇ ಫೈಲ್ ಮಾಡಿಕೊಡುತ್ತದೆ. ವಾರದ ರಜೆಯ ದಿನ ಅದನ್ನೂ ಕಾರ್ಡಿನಲ್ಲಿರುವ ಕಡತಗಳನ್ನೂ ಒಂದು ಪೆನ್‌ಡ್ರೈವ್‌ಗೆ ಹಾಕಿಟ್ಟುಕೊಳ್ಳಿ.