ಬಳೆಗಳು ಮರೆಸಿದ ಗುರುತು

ತಿರುಪ್ಪೂರು ಎಂಬ ಹೆಸರಿಗೆ ಈ ಸೀಮೆಯ ಜನರು ಒಂದು ಕಥೆಯನ್ನು ಹೇಳುವುದುಂಟು. ಕೌರವರು ಅಟ್ಟಿಕೊಂಡು ಹೋದ ವಿರಾಟರಾಯನ ಗೋವುಗಳನ್ನು ಅರ್ಜುನನು ತಿರುಗಿಸಿ ತಂದ ಸ್ಥಳವೇ ಇದೆಂಬುದು ಐತಿಹ್ಯ. ತಮಿಳಿನ ‘ತಿರುಪ್ಪು’ ಎಂದರೆ ತಿರುಗಿಸು. ಮನೆಯಲ್ಲಿ ಕನ್ನಡವಾಡುವ ಮಕ್ಕಳಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅದೇ ಜಿಲ್ಲೆಯಲ್ಲಿ ಅಮರಾವತಿ ನದಿಯ ದಡದ ಧಾರಾಪುರವು ತಾನೇ ವಿರಾಟಪುರವೆನ್ನುತ್ತದೆ. ಹಾವೇರಿ ಜಿಲ್ಲೆಯ ಹಾನಗಲ್ಲಿನಲ್ಲಿಯೂ ಇದೇ ಮಾತು ಕೇಳಿಬರುತ್ತದೆ. ಅಜ್ಞಾತವಾಸವಲ್ಲವೇ! ಅಡಗಿದ್ದವರಿಗೆ ಎರಡು ಊರುಗಳಾದರೆ ಆಶ್ಚರ್ಯವಿಲ್ಲ.

ವನವಾಸದ 12 ವರ್ಷಗಳ ಬಳಿಕ ಪಾಂಡವರು ಒಂದು ವರ್ಷ ಯಾರ ಕಣ್ಣಿಗೂ ಬೀಳದೆ ಇರಬೇಕಾಗಿತ್ತು. ಗುರುತು ಸಿಕ್ಕಿದರೆ ಮತ್ತೆ 12 ವರ್ಷ ಕಾಡು. ಧರ್ಮರಾಯನು ಕಂಕನಾದನು, ಭೀಮನು ಅಡುಗೆಯ ವಲಲನಾದನು, ದ್ರೌಪದಿಯು ಸೈರಂಧ್ರಿಯಾಗಿ ರಾಣಿಯ ಮುಡಿ ಕಟ್ಟಿದಳು. ಆಯುಧಗಳನ್ನು ಬನ್ನಿಯ ಮರಕ್ಕೇರಿಸಿ, ಯಾರೂ ಸಮೀಪಿಸದಿರಲೆಂದು ಒಂದು ಶವವನ್ನು ಕಟ್ಟಿದರು. ಅದು 180 ವರ್ಷದ ತಮ್ಮ ತಾಯಿಯದೆಂದು ದನಗಾಹಿಗಳಿಗೆ ಹೇಳಿದರು. ಸತ್ಯಸಂಧನ ಮನೆತನವೂ ಇಷ್ಟಕ್ಕೆ ಇಳಿಯಬೇಕಾಯಿತು.

ಎಲ್ಲರಿಗಿಂತ ಕಷ್ಟ ಅರ್ಜುನನದು. ವೇಷವನ್ನು ಬದಲಿಸಬಹುದು, ಬಿಲ್ಲಿನ ಹೆದೆ ಎರಡು ತೋಳುಗಳಲ್ಲಿಯೂ ಮೂಡಿಸಿದ ಕಲೆಗಳನ್ನು ಏನು ಮಾಡುವುದು? ಅವನು ಅವುಗಳ ಮೇಲೆ ಶಂಖದ ಬಳೆಗಳನ್ನು ತೊಟ್ಟು, ಬೃಹನ್ನಳೆಯಾಗಿ ನೃತ್ಯ ಕಲಿಸಿದನು.

ಗ್ರೀಕರ ಹೋಮರನ ಕಾವ್ಯದಲ್ಲಿಯೂ ಇಂತಹುದೇ ಒಂದು ಕಲೆಯಿದೆ. 20 ವರ್ಷಗಳ ಅನಂತರ ಒಡಿಸ್ಯೂಸನು ಮುದಿ ಭಿಕ್ಷುಕನಾಗಿ ತನ್ನ ಮನೆಗೇ ಬರುತ್ತಾನೆ. ಹೆಂಡತಿಗೆ ಗುರುತಾಗುವುದಿಲ್ಲ. ಕಾಲು ತೊಳೆಯುವ ಮುದಿ ದಾದಿಯ ಕೈಗೆ ಹಂದಿಯ ಕೋರೆ ಸೀಳಿದ ಹಳೆಯ ಗಾಯದ ಕಲೆ ತಗಲುತ್ತದೆ. ಪಾತ್ರೆ ಉರುಳಿ ನೀರು ಚೆಲ್ಲುತ್ತದೆ. ಅವನು ಅವಳ ಕೊರಳನ್ನು ಹಿಡಿದು ಮೌನವಾಗಿರೆಂದು ಎಚ್ಚರಿಸುತ್ತಾನೆ. ಎತ್ತಿ ಆಡಿಸಿದವಳ ಕೊರಳು ಅದು.

ಪಾರಸಿಯ ಫಿರ್ದೌಸಿ ಕವಿಯು 1010ರಲ್ಲಿ ಮುಗಿಸಿದ ಶಾಹನಾಮೆಯಲ್ಲಿ ಗುರುತು ತಡವಾಗಿ ಕಾಣುತ್ತದೆ. ರಣರಂಗದಲ್ಲಿ ಎದುರಾದ ತರುಣ ಸೊಹ್ರಾಬನು, ನೀನು ರುಸ್ತುಮನೇ ಎಂದು ಕೇಳುತ್ತಾನೆ. ಅಲ್ಲವೆನ್ನುತ್ತಾನೆ ರುಸ್ತುಮ. ವೇಷವಿಲ್ಲ, ಹೆಸರನ್ನು ಮಾತ್ರ ಬಚ್ಚಿಟ್ಟಿದ್ದಾನೆ. ಕಠಾರಿಯು ಇರಿದ ಮೇಲೆ, ತನ್ನ ತಂದೆ ರುಸ್ತುಮನು ಇದಕ್ಕೆ ಸೇಡು ತೀರಿಸುವನೆಂದು ತರುಣನು ನುಡಿಯುತ್ತಾನೆ. ಕವಚ ಬಿಚ್ಚಿದರೆ, ಎಂದೋ ರುಸ್ತುಮನೇ ಕೊಟ್ಟಿದ್ದ ರತ್ನ ಆ ತೋಳಿನಲ್ಲಿದೆ. ಇಡೀ ಕಾವ್ಯದಲ್ಲಿ ಇಷ್ಟು ದಾರುಣವಾದ ಸುಳ್ಳು ಬೇರೊಂದಿಲ್ಲ.

ವಿರಾಟನ ಮಗ ಉತ್ತರನಿಗೂ ಅದೇ ಪ್ರಶ್ನೆ. ಕೌರವಸೇನೆಯನ್ನು ಕಂಡು ಓಡಿದವನನ್ನು ಬೃಹನ್ನಳೆಯು ಹಿಡಿದು ತಂದು, ಬನ್ನಿಯ ಮರವನ್ನು ಹತ್ತಿಸಿ, ತಾನೇ ಅರ್ಜುನನೆಂದಳು. ಹುಡುಗನು ನಂಬಲಿಲ್ಲ, ಅರ್ಜುನನಾದರೆ ಅವನ ಹತ್ತು ಹೆಸರುಗಳನ್ನು ಹೇಳೆಂದನು. ಅರ್ಜುನ, ಫಲ್ಗುಣ, ಜಿಷ್ಣು, ಕಿರೀಟಿ, ಶ್ವೇತವಾಹನ, ಬೀಭತ್ಸು, ವಿಜಯ, ಕೃಷ್ಣ, ಸವ್ಯಸಾಚಿ, ಧನಂಜಯ—ಹತ್ತಕ್ಕೂ ಅರ್ಥಸಹಿತ ಉತ್ತರ ಬಂದಿತು. ಬಳೆಗಳು ಕಳಚಿದವು.

ಅವಧಿ ಮುಗಿದಿಲ್ಲವೆಂಬುದು ದುರ್ಯೋಧನನ ವಾದ. ಐದು ವರ್ಷಕ್ಕೆ ಎರಡು ಅಧಿಕಮಾಸಗಳಂತೆ ಲೆಕ್ಕವಿಟ್ಟ ಭೀಷ್ಮನು, ಮುಗಿದಿದೆಯೆಂದನು. ಆದರೂ ಗೋವುಗಳನ್ನು ತಿರುಗಿಸಿದ ಮೇಲೆ ಅರ್ಜುನನು ಆಯುಧಗಳನ್ನು ಮತ್ತೆ ಮರದಲ್ಲಿರಿಸಿ, ಜಡೆ ಹೆಣೆದುಕೊಂಡು, ಉತ್ತರನ ಸಾರಥಿಯಾಗಿಯೇ ಊರು ಹೊಕ್ಕನು.