ಮನೆ ನಂಬರು 4711

ಜರ್ಮನಿಯ ಕಲೋನ್ ನಗರದಲ್ಲಿ ಮಹಾ ಚರ್ಚಿನಿಂದ ಸ್ವಲ್ಪ ದೂರ ನಡೆದರೆ ಗ್ಲೋಕೆನ್‌ಗಾಸೆ ಬೀದಿ. ಅಲ್ಲಿದೆ 4711 ಎಂಬ ಓಡಿಕೊಲೋನ್ ಸುಗಂಧದ ಮನೆ. ಕಮಾನುಗಳ ಹಳೇ ಮಾದರಿಯ ಈ ಕಟ್ಟಡ, ಎರಡನೇ ಮಹಾಯುದ್ಧದ ಬಾಂಬಿಗೆ ಹಾಳಾದ ಮೇಲೆ 1960ರ ದಶಕದಲ್ಲಿ ಮತ್ತೆ ಎದ್ದು ನಿಂತದ್ದು. ಒಳಗೆ ಎಲ್ಲಿ ನೋಡಿದರೂ ನೀಲಿ, ಚಿನ್ನದ ಬಣ್ಣ. ಒಂದು ಕಡೆ ಪುಟ್ಟ ಕಾರಂಜಿ, ಅದರಲ್ಲಿ ಹರಿಯುವುದು ನೀರಲ್ಲ, ಸುಗಂಧ! ಬಂದವರೆಲ್ಲ ಕೈಯೊಡ್ಡುತ್ತಾರೆ, ನಾನೂ ಒಡ್ಡಿದೆ. ಮೊದಲು ಮೂಗಿಗೆ ಬಡಿಯುವುದು ನಿಂಬೆ, ಕಿತ್ತಳೆ ಸಿಪ್ಪೆಯ ಚುರುಕು. ಅದರ ಹಿಂದೆಯೇ ರೋಸ್‌ಮೇರಿ, ಲ್ಯಾವೆಂಡರ್. ಮದ್ಯಸಾರ ಆರಿ ಅಂಗೈ ತಣ್ಣಗಾಗುವ ಹೊತ್ತಿಗೆ ಘಮ ಅರ್ಧ ಇಳಿದಿರುತ್ತದೆ. ಜ್ವರ ಬಂದಾಗ ಹಣೆಗೆ ಓಡಿಕೊಲೋನ್ ಪಟ್ಟಿ ಹಾಕಿಸಿಕೊಂಡವರಿಗೆ ಈ ತಂಪಿನ ಪರಿಚಯ ಮಾಡಿಕೊಡಬೇಕಿಲ್ಲ.

ಗೋಡೆಯ ದೊಡ್ಡ ನೇಯ್ಗೆಚಿತ್ರದಲ್ಲಿ ಫ್ರೆಂಚ್ ಸೈನಿಕನೊಬ್ಬ ಕುದುರೆ ಮೇಲೆ ಕೂತೇ ಮನೆಗೆ 4711 ಎಂದು ಬರೆಯುತ್ತಿದ್ದಾನೆ. ಕುದುರೆಯದು ದಂತಕಥೆ. 1790ರ ದಶಕದಲ್ಲಿ ಊರಿನ ಮನೆಗಳಿಗೆಲ್ಲ ಒಂದೇ ಸಾಲಿನಲ್ಲಿ ನಂಬರು ಬಿದ್ದದ್ದು ಮಾತ್ರ ನಿಜ. ವ್ಯಾಪಾರಿ ವಿಲ್ಹೆಲ್ಮ್ ಮ್ಯೂಲ್ಹೆನ್ಸ್‌ನ ಮದುವೆಗೆ 1792ರಲ್ಲಿ ಸಂನ್ಯಾಸಿಯೊಬ್ಬರು ಈ ಸುಗಂಧದ ಪಾಕವಿಧಾನ ಉಡುಗೊರೆ ಕೊಟ್ಟರೆಂದು ಕಂಪನಿ ಹೇಳಿಕೊಳ್ಳುತ್ತದೆ.

ನನಗೆ ಅದಕ್ಕಿಂತ ಹಿಡಿಸಿದ್ದು ಹೆಸರಿನ ಜಗಳ. ಕಲೋನಿನ ಸುಗಂಧಕ್ಕೆ ಕೀರ್ತಿ ತಂದವನು ಇಟಲಿಯಿಂದ ಬಂದ ಯೋಹಾನ್ ಮರಿಯಾ ಫರೀನಾ. 1709ರಲ್ಲಿ ಶುರುವಾದ ಆ ಮನೆತನದ ಅಂಗಡಿ ಇಲ್ಲಿಗೆ ಸಮೀಪದಲ್ಲೇ ಇಂದಿಗೂ ನಡೆಯುತ್ತಿದೆ. ಮ್ಯೂಲ್ಹೆನ್ಸ್ ಮಾಡಿದ್ದೇನು? 1803ರಲ್ಲಿ, ಆ ಮನೆತನಕ್ಕೆ ಸಂಬಂಧವೇ ಇಲ್ಲದ ಇನ್ನೊಬ್ಬ ಫರೀನಾನಿಂದ ಹೆಸರು ಕೊಂಡು ಅದರಲ್ಲೇ ಮಾಲು ಮಾರಿದ. ವ್ಯಾಜ್ಯ ತಲೆಮಾರುಗಟ್ಟಲೆ ಎಳೆದು, 1881ರಲ್ಲಿ ಮೊಮ್ಮಗ ಫರ್ಡಿನಾಂಡ್ ಆ ಹೆಸರು ಬಿಡಲೇಬೇಕಾಯಿತು. ಆಗ ಅವನು ಹೂವಿನ ಹೆಸರನ್ನೋ ರಾಣಿಯ ಹೆಸರನ್ನೋ ಹುಡುಕಲಿಲ್ಲ. ಮನೆಯ ನಂಬರನ್ನೇ ಮುಂದಿಟ್ಟ. ಸುಗಂಧಕ್ಕೆ ಬರೀ ನಾಲ್ಕು ಅಂಕೆ! ಅಷ್ಟು ಧೈರ್ಯದ ಹೆಸರು ಇನ್ನೊಂದು ನನಗೆ ತೋಚುವುದಿಲ್ಲ.

ಕಪಾಟಿನಲ್ಲಿ ಕಾಣುವ ಅಗಲ ಮೈಯ ಸೀಸೆ 1820ರ ಮೊಲಾನುಸ್ ಎಂಬ ಮಾದರಿ. ಹಿಂದಿನ ಸಪೂರ ಸೀಸೆಗಿಂತ ಇದು ಗಟ್ಟಿಯಾಗಿ ನಿಲ್ಲುತ್ತದೆ, ಚೀಟಿ ಅಂಟಿಸಲು ಜಾಗವೂ ಧಾರಾಳ. ಆ ನಂಬರು ಅಷ್ಟು ದಪ್ಪಕ್ಕೆ ಮೆರೆಯುವುದು ಅಲ್ಲೇ. ಒಡೆತನ ಮುಂದೆ ಕೈಯಿಂದ ಕೈಗೆ ದಾಟಿ, ಈಗ ಮೊಯ್ರರ್ ಉಂಟ್ ವಿರ್ಟ್ಸ್ ಕಂಪನಿಯದು. ಇದೇ ಸೀಸೆ ಜರ್ಮನಿಯ ಸಾಮಾನ್ಯ ದಿನಬಳಕೆಯ ಅಂಗಡಿಗಳಲ್ಲಿ ಸೋಪು, ಪೇಸ್ಟಿನ ಜೊತೆಗೂ ಸಿಗುತ್ತದೆ, ಸಂಬಳದವರ ಕೈಗೆಟುಕುವ ಬೆಲೆಗೆ.